ಉಲ್ಟಾ ದೀಪ

ನನ್ನ ಭಾವ ಕುವಾನ್ ಮನ್-ತಾತ್ ಸರ್ಕಾರಿ ನೌಕರ. ಮಕಾವ್‌ಗೆ ಎಷ್ಟು ಪ್ರವಾಸಿಗರು ಬಂದರು, ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಅದೇ ದಿನ ಜೇಬು ಖಾಲಿ ಮಾಡಿಕೊಂಡು ಗಡಿ ದಾಟಿದರು ಎಂದು ತಲೆ ಎಣಿಸುವ ಇಲಾಖೆಯಲ್ಲಿ ಅವನ ಕುರ್ಚಿ. ತಲೆ ಎಣಿಸುವವನಿಗೆ ಸ್ವಂತದ್ದೊಂದು ಇರಬೇಕೆಂಬ ನಿಯಮ ಅಲ್ಲಿಲ್ಲ. ಯಾವ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಂಡು, ಎರಡು ಬೆರಳಲ್ಲಿ ಕನ್ನಡಕ ಮೇಲೇರಿಸಿ, "ಅಂಕಿ-ಅಂಶಗಳ ಪ್ರಕಾರ..." ಎಂದು ಶುರುಮಾಡುತ್ತಾನೆ. ಇದನ್ನು ನಾನು ಎಷ್ಟು ಚೆನ್ನಾಗಿ ಅಣಕಿಸುತ್ತೇನೆಂದರೆ, ಒಮ್ಮೆ ಅಡುಗೆಮನೆಯಲ್ಲಿದ್ದ ಅಕ್ಕ ನನ್ನ ದನಿ ಕೇಳಿ ಗಂಡನೇ ಬಂದನೆಂದು ಮೀನಿನ ತಲೆಯ ಬಟ್ಟಲು ತಂದು ನನ್ನ ಮುಂದಿಟ್ಟಳು. ಅಂಕಿ ಅವನ ಬಳಿ ಬೇಕಾದಷ್ಟಿವೆ. ಅಂಶವೇ ಅಂಶಮಾತ್ರವೂ ಇಲ್ಲ.

ನಮ್ಮೂರಿನ ಕಾನೂನಿನ ಪ್ರಕಾರ ಸರ್ಕಾರಿ ನೌಕರರು ಕ್ಯಾಸಿನೊದೊಳಗೆ ಕಾಲಿಡುವಂತಿಲ್ಲ. ನನ್ನಂತೆ ಮೇಜಿನ ಹಿಂದೆ ನಿಂತು ಇಸ್ಪೀಟೆಲೆ ಹಂಚುವವರೂ ಕೆಲಸದ ಹೊತ್ತು ಮುಗಿದ ಮೇಲೆ ಅಲ್ಲಿ ಸುಳಿಯುವಂತಿಲ್ಲ. ಚಾಂದ್ರಮಾನ ಹೊಸವರ್ಷದ ಮೊದಲ ಮೂರು ದಿನ ಮಾತ್ರ ನಮಗೆಲ್ಲ ವಿನಾಯಿತಿ. ಆ ಮೂರು ದಿನ ಊರಿನ ಗುಮಾಸ್ತರೆಲ್ಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ವರ್ಷವಿಡೀ ತಡೆದುಕೊಂಡ ದಡ್ಡತನವನ್ನು ಒಟ್ಟಿಗೆ ಖಾಲಿ ಮಾಡಲು ಬರುತ್ತಾರೆ. ಕ್ಯಾಸಿನೊದವರು ಅವರಿಗೆ ಪುಕ್ಕಟೆ ಬಸ್ಸು ಕೊಡುತ್ತಾರೆ, ಪುಕ್ಕಟೆ ಚಹಾ ಕೊಡುತ್ತಾರೆ, ಯಾವ ಕಡೆ ಎಷ್ಟು ಸಲ ಗೆದ್ದಿತೆಂದು ಗುರುತು ಹಾಕಿಕೊಳ್ಳಲು ಚೀಟಿ ಮತ್ತು ಪೆನ್ಸಿಲ್ ಕೊಡುತ್ತಾರೆ. ಎದುರಾಳಿಯ ಕೈಗೆ ತಾವೇ ಆಯುಧ ಕೊಡುವ ಧಣಿಗಳು ಆ ಆಯುಧಕ್ಕೆ ಮೊನೆಯಿಲ್ಲವೆಂದು ತಿಳಿದೇ ಕೊಡುತ್ತಾರೆ ಎಂಬುದು ಈ ಪದವೀಧರರಿಗೆ ಹೊಳೆಯುವುದಿಲ್ಲ.

ಈ ವರ್ಷ ಮೂರನೆಯ ದಿನ ನನಗೆ ರಜೆ ಇತ್ತು. ಆ ದಿನವನ್ನು ನಾವು ಕೆಂಬಾಯಿ ಎನ್ನುತ್ತೇವೆ. ಅಂದು ನೆಂಟರ ಮನೆಗೆ ಹೋದರೆ ಜಗಳವಾಗುತ್ತದೆಂಬ ನಂಬಿಕೆ. ಹಾಗಾಗಿ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಭಾವನ ಮುಖ ನೋಡದೆ ಕಳೆಯಬಹುದಾದ ಒಂದೇ ಒಂದು ಹಬ್ಬದ ದಿನ ಅದು. ಮಧ್ಯಾಹ್ನ ಅವನೇ ಫೋನ್ ಮಾಡಿದ.

"ಫೈ, ಎದ್ದಿದೀಯಾ? ಬಸ್ ಸ್ಟಾಪ್ ಹತ್ರ ಬಾ. ಇವತ್ತೊಂದೇ ದಿನ ಉಳಿದಿರೋದು."

"ಕೆಂಬಾಯಿ ದಿನ ಭಾವ-ಮೈದುನ ಸೇರಬಾರದು ಭಾವ. ಜಗಳ ಆಗತ್ತೆ."

"ಮೂಢನಂಬಿಕೆ! ನಾನು ಅದನ್ನೆಲ್ಲ ನಂಬಲ್ಲ ಕಣೋ. ನಂದೇನಿದ್ರೂ ಗಣಿತಶಾಸ್ತ್ರ."

ಶಾಸ್ತ್ರ ಬಸ್ಸಿನಲ್ಲಿ ಬಿಚ್ಚಿಕೊಂಡಿತು. ಬ್ಯಾಕರಾ ಆಟ ಅವನಿಗೂ ಗೊತ್ತು, ನನಗೂ ಗೊತ್ತು, ನಮ್ಮೂರಿನ ಬೆಕ್ಕಿಗೂ ಗೊತ್ತು. ಮೇಜಿನ ಮೇಲೆ ಎರಡು ಪಕ್ಷ: ಒಂದು ಸಾಹುಕಾರ, ಇನ್ನೊಂದು ಆಟಗಾರ. ಎರಡಕ್ಕೂ ಎಲೆ ಬೀಳುತ್ತದೆ, ಒಂಬತ್ತಕ್ಕೆ ಹತ್ತಿರ ಬಂದ ಪಕ್ಷ ಗೆಲ್ಲುತ್ತದೆ. ನೀವು ಯಾವುದಾದರೂ ಒಂದರ ಮೇಲೆ, ದುಡ್ಡು ಕೊಟ್ಟು ಕೊಂಡ ಬಿಲ್ಲೆ ಇಡಬೇಕು. ಸಾಹುಕಾರ ಕೂದಲೆಳೆಯಷ್ಟು ಹೆಚ್ಚು ಸಲ ಗೆಲ್ಲುತ್ತಾನೆ. ಆದ್ದರಿಂದ ಅವನ ಮೇಲಿಟ್ಟು ಗೆದ್ದರೆ ಕ್ಯಾಸಿನೊ ನೂರಕ್ಕೆ ಐದು ಕತ್ತರಿಸಿಕೊಳ್ಳುತ್ತದೆ. ಎಲ್ಲ ಕಳೆದು ಕೂಡಿದರೆ, ಎತ್ತ ಇಟ್ಟರೂ ಇಟ್ಟ ನೂರರಲ್ಲಿ ಒಂದು ಡಾಲರ್ ಚಿಲ್ಲರೆ ಧಣಿಯ ಹೊಟ್ಟೆಗೆ. ಎರಡೂ ಪಕ್ಷ ಸಮ ಬರುತ್ತದೆಂದು ಪಣ ಕಟ್ಟುವ ಶೂರರಿಗೆ ನೂರಕ್ಕೆ ಹದಿನಾಲ್ಕು. ಅಂಥವರನ್ನು ಕಂಡರೆ ನಮ್ಮ ಮೇಲ್ವಿಚಾರಕರು ಕುರ್ಚಿ ಎಳೆದು ಕೂರಿಸುತ್ತಾರೆ.

"ಆಟಗಾರ ಸಾಲಾಗಿ ಮೂರು ಸಲ ಗೆಲ್ಲೋವರೆಗೂ ಸುಮ್ನಿರ್ತೀನಿ," ಎಂದ ಭಾವ. "ಆಮೇಲೆ ಸಾಹುಕಾರನ ಮೇಲೆ ಸಾವಿರ. ಸೋತ್ರೆ ಎರಡು ಸಾವಿರ. ಮತ್ತೂ ಸೋತ್ರೆ ನಾಲ್ಕು. ಇಮ್ಮಡಿ ಮಾಡ್ತಾ ಹೋಗೋದು. ಯಾವತ್ತೋ ಒಂದ್ಸಲ ಗೆಲ್ಲಲೇಬೇಕಲ್ಲ? ಗೆದ್ದ ಕೂಡ್ಲೇ ಹಿಂದಿನ ಸೋಲೆಲ್ಲ ಚುಕ್ತಾ, ಮೇಲೊಂದು ಸಾವಿರ ಲಾಭ."

"ಇಮ್ಮಡಿ ಮಾಡ್ತಾ ಹೋದೋರು ಕೊನೇಲಿ ಮಡೀತಾರೆ ಭಾವ. ದಿನಾ ನೋಡ್ತೀನಿ."

"ನೀನು ಎಲೆ ಹಂಚೋನು ಕಣೋ. ಬಸ್ ಓಡಿಸೋನಿಗೆ ಎಂಜಿನ್ ಒಳಗಿಂದು ಗೊತ್ತಿರತ್ತಾ? ಎರಡು ದಿನ ಮನೇಲಿ ಕಲ್ಲಂಗಡಿ ಬೀಜ ಇಟ್ಟು ಪರೀಕ್ಷೆ ಮಾಡಿದೀನಿ. ಒಂದ್ಸಲಾನೂ ತಪ್ಪಿಲ್ಲ."

ಹಬ್ಬದ ತಟ್ಟೆಯಲ್ಲಿ ನೆಂಟರಿಗೆಂದು ಇಟ್ಟ ಕೆಂಪು ಬೀಜಗಳು ಯಾಕೆ ಖಾಲಿಯಾಗಿದ್ದವು ಎಂದು ಆಗ ತಿಳಿಯಿತು.

"ಬೀಜ ಕಮಿಷನ್ ಕತ್ತರಿಸಲ್ವಲ್ಲ ಭಾವ?"

"ಅದು ಪುಡಿಗಾಸು."

"ಎಂಟು ಸಲ ಸಾಲಾಗಿ ಸೋತ್ರೆ?"

"ಅಂಕಿ-ಅಂಶಗಳ ಪ್ರಕಾರ ಅಸಂಭವ. ಆದ್ರೂ ಎಂಟು ಮೆಟ್ಟಿಲಿಗೆ ಆಗೋಷ್ಟು ತಂದಿದೀನಿ." ಅವನು ಕೋಟಿನ ಮೇಲೆ ತಟ್ಟಿದ. ಎರಡೂವರೆ ಲಕ್ಷ ಡಾಲರ್, ಮೇಲೆ ತನ್ನದೇ ಐದು ಸಾವಿರ.

ಎರಡೂವರೆ ಲಕ್ಷ ಎಂದ ಕೂಡಲೇ ನನ್ನ ನಗು ನಿಂತಿತು. ಆ ಮೊತ್ತ ನನಗೆ ಗೊತ್ತಿತ್ತು. ಕೆಂಪು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸೌ ಅಜ್ಜನ ನೂಡಲ್ಸ್ ಅಂಗಡಿ. ಬಿದಿರಿನ ಬೊಂಬಿನ ಮೇಲೆ ಕೂತು ಕುಪ್ಪಳಿಸಿ ಹಿಟ್ಟು ನಾದುವ ಹಳೆಯ ಪದ್ಧತಿ ಅಲ್ಲಿ ಇನ್ನೂ ಉಳಿದಿದೆ. ನನ್ನ ಅಕ್ಕ ಸಾವ್-ಕುನ್ ಮದುವೆಗೂ ಮುಂಚಿನಿಂದ ಅಲ್ಲಿ ಆ ಬೊಂಬಿನ ಮೇಲೆ ಕುಪ್ಪಳಿಸುತ್ತಿದ್ದಾಳೆ. ಸೌ ಅಜ್ಜ ಗಡಿಯಾಚೆ ಜುಹಾಯ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದ. ಹಬ್ಬದ ಐದನೆಯ ದಿನ ಅಂಗಡಿ ಬಾಗಿಲು ತೆರೆದಾಗ ಎರಡೂವರೆ ಲಕ್ಷ ಮುಂಗಡ ಕೈಗಿಟ್ಟರೆ ಮೂರು ವರ್ಷದ ಕರಾರಿಗೆ ಅಂಗಡಿ ಅಕ್ಕನದು. ಅದಕ್ಕಾಗಿ ಅವಳು ಮದುವೆಯ ಬಳೆಗಳನ್ನೂ ಮಾರಿದ್ದಳು.

"ಅಕ್ಕಂಗೆ ಹೇಳಿದ್ರಾ?"

"ಎರಡೇ ಗಂಟೆ ಕೆಲಸ. ಸಂಜೆ ಅವಳ ಮುಂದೆ ದುಡ್ಡೂ ಇಡ್ತೀನಿ, ಜೊತೆಗೆ ಹೊಸ ಫ್ರಿಜ್ಜಿನ ದುಡ್ಡೂ ಇಡ್ತೀನಿ. ಹೆಂಗಿರತ್ತೆ ಅವಳ ಮುಖ!"

ಹೇಗಿರುತ್ತದೆಂದು ನಾನು ಆಗಲೇ ಮಾಡಿ ತೋರಿಸಬಲ್ಲವನಾಗಿದ್ದೆ. ಅದರ ಬದಲು ಫೋನ್ ತೆಗೆದು, ಯಾವ ಕ್ಯಾಸಿನೊ, ಎಷ್ಟು ದುಡ್ಡು ಎಂದು ಅಕ್ಕನಿಗೆ ಸಂದೇಶ ಕಳಿಸಿದೆ. ಅವಳು ಗುಡಿಯಲ್ಲಿ ಊದುಬತ್ತಿ ಹಚ್ಚುವ ಸಾಲಿನಲ್ಲಿದ್ದಳು. ಉತ್ತರ ಬರಲಿಲ್ಲ.

ಒಳಗೆ ಜನ ಜನದ ಮೇಲೆ ಬಿದ್ದಿದ್ದರು. ಅಂಚೆ ಇಲಾಖೆ, ನೀರಿನ ಇಲಾಖೆ, ಶಾಲೆಯ ಮೇಷ್ಟರು, ಎಲ್ಲರೂ ಪೆನ್ಸಿಲ್ ಹಿಡಿದು ಪರೀಕ್ಷೆ ಬರೆಯುವವರಂತೆ ಬಗ್ಗಿದ್ದರು. ಭಾವನಿಗೆ ಒಂದು ಕುರ್ಚಿ ಸಿಕ್ಕಿತು. ಆ ಮೇಜಿನ ರಾಣಿ ಫೊಶಾನ್‌ನಿಂದ ಬಂದ ತೊಂಗ್ ತಾಯ್ ಎಂಬ ಹೆಂಗಸು. ಕೆಂಪು ಸ್ವೆಟರು, ಬಾಯಲ್ಲಿ ಒಣಪ್ಲಮ್ಮು, ಮುಂದೆ ಬಿಲ್ಲೆಗಳ ಗೋಪುರ. ಒಂದು ಪಕ್ಷದ ಮೇಲೆ ಹೆಚ್ಚು ಪಣ ಇಟ್ಟವರಿಗೆ ಆ ಪಕ್ಷದ ಎಲೆ ತೆರೆದು ನೋಡುವ ಹಕ್ಕು. ಆಕೆ ಅಂಚು ಹಿಡಿದು ಕೂದಲಷ್ಟು ಕೂದಲಷ್ಟೇ ಮಡಚುತ್ತ, ಬೇಡದ ಚುಕ್ಕಿ ಹಾರಿಹೋಗಲೆಂದು ಎಲೆಗೆ ಉಫ್ ಉಫ್ ಎಂದು ಊದುತ್ತಿದ್ದಳು. ಛಾಪಿಸಿದ ಚುಕ್ಕಿಯನ್ನು ಊದಿ ಹಾರಿಸುವ ಈ ವಿದ್ಯೆಯನ್ನು ನಾನು ವರ್ಷಗಟ್ಟಲೆ ಎದುರಿಗೆ ನಿಂತು ನೋಡಿದ್ದೇನೆ. ಹಾರಿದ್ದು ಎಂಜಲು ಮಾತ್ರ.

ಮೊದಲ ಒಂದು ಗಂಟೆ ಭಾವ ಗೆದ್ದ. ಇದೇ ಅನಾಹುತ. ಮೂರ್ಖನಿಗೆ ಸೋಲು ಹೇಗೋ ಜೀರ್ಣವಾಗುತ್ತದೆ, ಗೆಲುವು ತಲೆಗೇರುತ್ತದೆ. ಪ್ರತಿ ಗೆಲುವಿಗೂ ನನ್ನತ್ತ ತಿರುಗಿ ಕನ್ನಡಕ ಮೇಲೇರಿಸುತ್ತಿದ್ದ. ಚಹಾ ತರುವ ಹೆಂಗಸರಿಗೆ, ನೆಲ ಒರೆಸುವವರಿಗೆ, ದಾರಿಯಲ್ಲಿ ಸುಮ್ಮನೆ ಹೋಗುತ್ತಿದ್ದವರಿಗೂ ಹಬ್ಬದ ಕೆಂಪು ಲಕೋಟೆ ಹಂಚಿ, ಗೆದ್ದದ್ದಷ್ಟನ್ನೂ ದಾನಶೂರನಾಗಿ ಮುಗಿಸಿದ.

ಆಮೇಲೆ ಆಟಗಾರ ಮೂರು ಸಲ ಸಾಲಾಗಿ ಗೆದ್ದ. ಭಾವ ಸಾಹುಕಾರನ ಮೇಲೆ ಸಾವಿರ ಇಟ್ಟ. ಆಟಗಾರ ಗೆದ್ದ. ಎರಡು ಸಾವಿರ. ಮತ್ತೆ ಆಟಗಾರ. ನಾಲ್ಕು. ಮತ್ತೆ ಆಟಗಾರ.

ಮೇಜಿನ ಪಕ್ಕದ ಪರದೆಯ ಮೇಲೆ ಆಟಗಾರನ ಗೆಲುವಿನ ನೀಲಿ ವೃತ್ತಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಇಂಥ ಸಾಲಿಗೆ ಡ್ರ್ಯಾಗನ್ ಎಂದು ಹೆಸರು. ಡ್ರ್ಯಾಗನ್ ಕಂಡರೆ ನಮ್ಮವರು ಊಟ ಬಿಟ್ಟು ಓಡಿಬಂದು ಅದರ ಬಾಲ ಹಿಡಿಯುತ್ತಾರೆ. ಮೇಜಿನ ಸುತ್ತ ಮೂರು ಸುತ್ತು ಜನ. ಎಲ್ಲರೂ ಆಟಗಾರನ ಮೇಲೆ. ಎದುರು ಪಕ್ಷದಲ್ಲಿ ಭಾವ ಒಬ್ಬನೇ. ಸಾಹುಕಾರನ ಎಲೆ ತೆರೆಯುವ ಹಕ್ಕೂ ಅವನೊಬ್ಬನದೇ. ಅವನು ಶಾಸ್ತ್ರೀಯವಾಗಿ, ಊದದೆ, ಸರಕ್ಕನೆ ತಿರುಗಿಸುತ್ತಿದ್ದ, ಸರಕ್ಕನೆ ಸೋಲುತ್ತಿದ್ದ.

ಎಂಟು ಸಾವಿರ ಹೋದಾಗ ತೊಂಗ್ ತಾಯ್ ಮೊದಲ ಸಲ ಅವನ ಮುಖ ನೋಡಿದಳು. ಹದಿನಾರು ಹೋದಾಗ ಬಾಯಿಂದ ಪ್ಲಮ್ಮಿನ ಬೀಜ ತೆಗೆದು ಘೋಷಿಸಿದಳು.

"ಅಯ್ಯೋ ನೋಡ್ರಪ್ಪಾ! ದೀಪ ಸಿಕ್ಕಿದೆ ನಮಗೆ, ದೀಪ!"

ಭಾವ ಹಿಗ್ಗಿದ. ಅವನು ಕ್ಯಾಸಿನೊಗೆ ವರ್ಷಕ್ಕೊಮ್ಮೆ ಬರುವವನು, ಮೇಜಿನ ಮಾತು ಅವನಿಗೆ ತಿಳಿಯದು. ಯಾವನು ಇಟ್ಟದ್ದೆಲ್ಲ ಸೋಲುತ್ತದೋ, ಯಾವನ ಎದುರು ಪಕ್ಷ ಹಿಡಿದರೆ ಕಣ್ಣುಮುಚ್ಚಿ ಗೆಲ್ಲಬಹುದೋ, ಅಂಥ ದರಿದ್ರನಿಗೆ ನಾವು ದೀಪ ಎನ್ನುತ್ತೇವೆ. ಜನಕ್ಕೆ ದಾರಿ ತೋರಿಸಿ ತಾನು ಉರಿದುಹೋಗುವವನು.

"ದೀಪ ಸಾರ್, ಎತ್ತ ಇಡ್ತೀರಿ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಸಾಹುಕಾರ," ಎಂದ ಭಾವ ಗಂಭೀರವಾಗಿ. "ಅಂಕಿ-ಅಂಶಗಳ ಪ್ರಕಾರ ಇಷ್ಟು ಹೊತ್ತಿಗೆ ಬರಲೇಬೇಕು."

ಎಲ್ಲರೂ ಆಟಗಾರನ ಮೇಲೆ ಇಮ್ಮಡಿ ಇಟ್ಟರು. ಮೂವತ್ತೆರಡು ಸಾವಿರ ಹೋಯಿತು.

ಎಂಟು ಕಟ್ಟು ಎಲೆ ಕಲಸಿಟ್ಟ ಪೆಟ್ಟಿಗೆಗೆ ಹಿಂದೆ ಯಾರು ಗೆದ್ದರೆಂಬ ನೆನಪೂ ಇಲ್ಲ, ಮುಂದೆ ಯಾರಿಗೆ ನ್ಯಾಯ ಕೊಡಬೇಕೆಂಬ ಕಾಳಜಿಯೂ ಇಲ್ಲ. ಡ್ರ್ಯಾಗನ್ನಿನ ಬಾಲ ಹಿಡಿದವರೂ ಕತ್ತೆಗಳೇ, ಅದರ ಬಾಯಿಗೆ ಅಡ್ಡ ನಿಂತವನೂ ಕತ್ತೆಯೇ. ಆದರೆ ನನ್ನ ಅಕ್ಕನ ಅಂಗಡಿ ಈ ಒಂಟಿ ಕತ್ತೆಯ ಬೆನ್ನ ಮೇಲಿತ್ತು. ನಾನು ಬಗ್ಗಿ ಅವನ ಕೈ ಹಿಡಿದೆ.

"ಭಾವ, ಸಾಕು. ಏಳಿ."

"ಬಿಡೋ. ಈಗ ಎದ್ರೆ ನಷ್ಟ. ಮುಂದಿಂದ್ರಲ್ಲಿ ಗೆದ್ರೆ ಎಲ್ಲ ವಾಪಸ್."

"ವಾಪಸ್ ಬರಲ್ಲ! ಕಮಿಷನ್ ಲೆಕ್ಕ ಹಾಕಿ. ಆರನೇ ಮೆಟ್ಟಿಲು ದಾಟಿದ ಮೇಲೆ ಗೆದ್ರೂ ನಷ್ಟಾನೇ ನಿಮ್ಮ ಶಾಸ್ತ್ರದಲ್ಲಿ!"

"ಪುಡಿಗಾಸು ಅಂದ್ನಲ್ಲ," ಎಂದು ಕೈ ಕೊಡವಿಕೊಂಡ. ಅರವತ್ತನಾಲ್ಕು ಸಾವಿರ ಮುಂದೆ ತಳ್ಳಿದ. ಎಲೆ ಬಿತ್ತು. ತೊಂಗ್ ತಾಯ್ ಊದಿದಳು. ಆಟಗಾರ ಎಂಟು, ಸಾಹುಕಾರ ಮೂರು. ಜನ ಹೋ ಎಂದು ಕೂಗಿ ಭಾವನಿಗೆ ಕೈಮುಗಿದರು.

ಅರ್ಧ ಅಂಗಡಿ ಹೋಗಿತ್ತು. ಇನ್ನರ್ಧ ಅವನ ಮುಂದೆ ಬಿಲ್ಲೆಗಳಾಗಿ ನಿಂತಿತ್ತು. ಅಷ್ಟನ್ನೂ ಅವನು ಎರಡೂ ಅಂಗೈಯಿಂದ ಸಾಹುಕಾರನ ಚೌಕಕ್ಕೆ ಸರಿಸಿದ. ಅವನ ಮೇಲ್ದುಟಿಯ ಬೆವರು ಕನ್ನಡಕದವರೆಗೂ ಆವಿಯಾಗಿತ್ತು. ದೀಪ ಪೂರ್ತಿ ಉರಿಯುವುದನ್ನು ಕಂಡು ತೊಂಗ್ ತಾಯ್ ತನ್ನ ಗೋಪುರವನ್ನೆಲ್ಲ ಆಟಗಾರನ ಮೇಲೆ ಕೆಡವಿದಳು. ಹಿಂದಿನವರು ಭುಜದ ಮೇಲಿಂದ ಭುಜ ಚಾಚಿ ಬಿಲ್ಲೆ ಎಸೆದರು.

ಆಗ ಅಕ್ಕ ಬಂದಳು. ಹಬ್ಬದ ಕೋಟು, ಕೂದಲಲ್ಲಿ ಊದುಬತ್ತಿಯ ಬೂದಿ. ಜನರನ್ನು ಸರಿಸಿ ನೆಟ್ಟಗೆ ಬಂದಳು. ನಾದುವವಳ ಕೈ ಅದು. ಅದನ್ನೆತ್ತಿ ಗಂಡನ ಎಡ ಭುಜದ ಮೇಲೆ ಪಟ್ಟೆಂದು ಇಟ್ಟಳು.

ಅಕ್ಕಪಕ್ಕದವರು ಕುರ್ಚಿ ಸಮೇತ ಹಿಂದೆ ಸರಿದರು.

ಆಡುತ್ತಿರುವವನ ಭುಜ ಮುಟ್ಟಬಾರದು. ನಮ್ಮಲ್ಲಿ ಹೆತ್ತ ತಾಯಿಯೂ ಮುಟ್ಟುವುದಿಲ್ಲ. ಅದೃಷ್ಟ ಭುಜದ ಮೇಲೆ ಕೂತಿರುತ್ತದೆ, ಮುಟ್ಟಿದರೆ ಬಿದ್ದುಹೋಗುತ್ತದೆ. ನಾನು ಇಷ್ಟು ವರ್ಷ ಎಲೆ ಹಂಚಿದರೂ ಬೇಕೆಂದೇ ಯಾರಾದರೂ ಮುಟ್ಟಿದ್ದನ್ನು ಕಂಡಿರಲಿಲ್ಲ.

"ಏನ್ರೀ," ಎಂದಳು ಅಕ್ಕ, "ಎಲ್ಲಿಗೆ ಬಂತು ನಿಮ್ಮ ಶಾಸ್ತ್ರ?"

"ಏ! ಕೈ... ಕೈ ತೆಗಿ!"

"ಯಾಕೆ? ನೀವು ಇದನ್ನೆಲ್ಲ ನಂಬಲ್ವಲ್ಲ."

"ನಂಬಲ್ಲ... ನಾನೇನು ನಂಬಲ್ಲ..." ಎನ್ನುತ್ತಲೇ ಅವನ ಎರಡು ಕೈಗಳು, ಅಂಕಿ-ಅಂಶ ಇಲಾಖೆಯ ಆ ಎರಡು ವೈಜ್ಞಾನಿಕ ಕೈಗಳು, ಮೇಜಿನ ಮೇಲೆ ತೆವಳಿ ಹೋಗಿ ಬಿಲ್ಲೆಗಳನ್ನೆಲ್ಲ ಗೋರಿಕೊಂಡು ಎದೆಗೆ ಒತ್ತಿಕೊಂಡವು. ಮುಖ ಮಾತ್ರ ಇನ್ನೂ "ನಂಬಲ್ಲ" ಎನ್ನುತ್ತಿತ್ತು.

"ಅಮ್ಮಾ, ಏನ್ಮಾಡಿದ್ಯಮ್ಮಾ!" ಎಂದು ತೊಂಗ್ ತಾಯ್ ಬೊಬ್ಬೆ ಹಾಕಿದಳು. "ಉರೀತಿರೋ ದೀಪ ಆರಿಸಿಬಿಟ್ಯಲ್ಲ!"

ಹಂಚುವ ಹುಡುಗಿ ಅಷ್ಟರಲ್ಲಿ ಮೇಜಿನ ಮೇಲೆ ಕೈ ಬೀಸಿ ಪಣ ಮುಗಿಯಿತೆಂದಳು. ಇನ್ನು ಯಾರೂ ಏನನ್ನೂ ತೆಗೆಯುವಂತಿಲ್ಲ. ಎಲೆ ಬಿತ್ತು. ಆಟಗಾರನಿಗೆ ಆರು. ಸಾಹುಕಾರನ ಮೇಲೆ ಯಾರೂ ಇರಲಿಲ್ಲವಾದ್ದರಿಂದ ಹುಡುಗಿಯೇ ತಿರುಗಿಸಿದಳು. ರಾಜ, ಅಂದರೆ ಸೊನ್ನೆ, ಜೊತೆಗೊಂದು ಒಂಬತ್ತು.

ಸಾಹುಕಾರ ಗೆದ್ದಿದ್ದ.

ಮುಂದಿನ ಐದು ನಿಮಿಷ ನಾನು ಕೇಳಿದ ಬೈಗುಳಗಳಲ್ಲಿ ಕೆಲವು ನನ್ನ ಸಂಗ್ರಹಕ್ಕೂ ಹೊಸವು. ಮೇಜಿನವರು ಅಕ್ಕನನ್ನು ಬೈದರು, ಭಾವನೂ ಅಕ್ಕನನ್ನು ಬೈದ.

"ಗೆದ್ದಿರ್ತಿದ್ದೆ! ನೋಡು, ಒಂಬತ್ತು! ಎಲ್ಲ ವಾಪಸ್ ಬರ್ತಿತ್ತು!"

"ಬರ್ತಿರಲಿಲ್ಲ ಭಾವ," ಎಂದೆ. "ನೂರಿಪ್ಪತ್ತೆಂಟರಲ್ಲಿ ಕಮಿಷನ್ ಕಳೆದ್ರೆ ಸೋತದ್ದಕ್ಕಿಂತ ಐದು ಸಾವಿರದ ನಾನೂರು ಕಮ್ಮಿ. ಗೆದ್ದು ಸೋಲೋದು ಹೆಂಗೆ ಅಂತ ಕಂಡುಹಿಡಿದಿದೀರಿ ನೀವು. ಇಲಾಖೆಯವರು ಪ್ರಕಟಿಸಬಹುದು."

ಅಕ್ಕ ಅವನ ಎದೆಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮಗುವಿನ ಮುಷ್ಟಿಯಿಂದ ಮಣ್ಣು ಬಿಡಿಸುವವಳಂತೆ.

ಐದನೆಯ ದಿನ ಬೆಳಿಗ್ಗೆ, ಓಣಿಯಲ್ಲಿ ಪಟಾಕಿಯ ಹೊಗೆ ಇನ್ನೂ ಇಳಿದಿರಲಿಲ್ಲ. ಅಕ್ಕ ಅರ್ಧ ದುಡ್ಡನ್ನು ಸೌ ಅಜ್ಜನ ಮುಂದಿಟ್ಟಳು. ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು.

"ಭುಜ ಮುಟ್ಟಿದ್ಯಂತೆ," ಎಂದ ಅಜ್ಜ. ಅವನ ದನಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ, ಅಣಕಿಸಲು ಸುಲಭ, ಆದರೆ ಅಂದು ನನಗೆ ಮನಸ್ಸಾಗಲಿಲ್ಲ.

"ಮುಟ್ಟಿದೆ."

"ಒಂಬತ್ತು ಬಂತಂತೆ."

"ಬಂತು."

"ಎಂಥ ಹೆಂಗಸು ನೀನು! ಗೆಲ್ಲೋ ಎಲೆಗೆ ಅಡ್ಡ ಕೈ ಇಟ್ಟೋಳ ಕೈಗೆ ನನ್ನ ಅಂಗಡಿ ಕೊಡ್ಲಾ?"

"ಆ ಕೈ ಇಡದಿದ್ರೆ ಈ ದುಡ್ಡೂ ಇಲ್ಲಿ ಇರ್ತಿತ್ತೋ ಇಲ್ವೋ ಅಜ್ಜ. ಬೇಡ ಅಂದ್ರೆ ಹೇಳಿ, ಎತ್ಕೊಂಡು ಹೋಗ್ತೀನಿ. ಇವತ್ತಿನ ಹಿಟ್ಟಿಗೆ ಮಾತ್ರ ಬೇರೆ ಯಾರನ್ನಾದ್ರೂ ಕರೀರಿ."

ಅಜ್ಜ ಬೊಂಬಿನತ್ತ ನೋಡಿದ. ತನ್ನ ಮೊಣಕಾಲಿನತ್ತ ನೋಡಿದ. ಊರಲ್ಲಿ ಆ ಬೊಂಬಿನ ಮೇಲೆ ಕೂರಲು ಒಪ್ಪುವ ಇನ್ನೊಂದು ಜೀವ ಇಲ್ಲವೆಂದು ಅವನಿಗೆ ಗೊತ್ತಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಕೊನೆಗೆ ಮೂರು ವರ್ಷದ ಬದಲು ಒಂದೇ ವರ್ಷದ ಕರಾರಿಗೆ ಇಳಿದ. ವರ್ಷದೊಳಗೆ ಉಳಿದರ್ಧ ತುಂಬದಿದ್ದರೆ ಅಂಗಡಿ ಇಲ್ಲ.

ನೂಡಲ್ಸ್ ಮಾರಿ ವರ್ಷದಲ್ಲಿ ಅಷ್ಟು ಹುಟ್ಟುವುದಿಲ್ಲವೆಂದು ನಾನೂ ಅಂದುಕೊಂಡಿದ್ದೆ. ಆದರೆ ಮೂರ್ಖರ ಸಂಖ್ಯೆಯನ್ನು ನಾನು ಕಡಿಮೆ ಎಣಿಸಿದ್ದೆ.

ಎರಡನೆಯ ವಾರ ತೊಂಗ್ ತಾಯ್ ಅಂಗಡಿ ಹುಡುಕಿಕೊಂಡು ಬಂದಳು, ಜೊತೆಗೆ ನಾಲ್ಕು ಗೆಳತಿಯರು. ಭಾವ ಕಚೇರಿ ಮುಗಿಸಿ ಮೂಲೆಯ ಮೇಜಿನಲ್ಲಿ ಕೂತಿದ್ದ. ಆಕೆ ಎರಡೂ ಕೈ ಜೋಡಿಸಿ ನಮಸ್ಕರಿಸಿದಳು.

"ಸಾರ್, ಚೆನ್ನಾಗಿದೀರಾ? ಇವತ್ತು ನೀವಾಗಿದ್ರೆ ಎತ್ತ ಇಡ್ತಿದ್ರಿ ಸಾರ್?"

ಭಾವನ ಕನ್ನಡಕ ತಾನೇ ಮೇಲೇರಿತು. ಗಂಟಲು ಸರಿಯಾಯಿತು. ಸೋಮವಾರದ ಸರಾಸರಿ, ಹುಣ್ಣಿಮೆಯ ಸರಾಸರಿ, ಎಲ್ಲ ಹೇಳಿ, ಎರಡು ಬಟ್ಟಲು ನೂಡಲ್ಸ್ ಇಳಿಯುವಷ್ಟು ಹೊತ್ತಿನ ಬಳಿಕ "ಸಾಹುಕಾರ" ಎಂದ. ಹೆಂಗಸರು ಭಕ್ತಿಯಿಂದ ತಲೆಯಾಡಿಸಿ, ಊಟದ ದುಡ್ಡು ಕೊಟ್ಟು, ನೇರ ಕ್ಯಾಸಿನೊಗೆ ಹೋಗಿ ಆಟಗಾರನ ಮೇಲೆ ಇಟ್ಟರು. ಮರುದಿನ ಅವರ ಗೆಳತಿಯರು ಬಂದರು. ಅದರ ಮರುದಿನ ಗೆಳತಿಯರ ಗಂಡಂದಿರು. ಗೆದ್ದವರು ದೀಪದ ಮಹಿಮೆ ಎಂದರು. ಸೋತವರು ದೀಪ ಹೇಳುವಾಗ ತಡವರಿಸಿತ್ತು, ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು ಎಂದು ಮತ್ತೆ ಬಂದು ಇನ್ನೊಂದು ಬಟ್ಟಲು ತಿಂದರು. ಈಗ ಸಂಜೆ ಓಣಿಯಲ್ಲಿ ಸಾಲು ನಿಲ್ಲುತ್ತದೆ. ಅಕ್ಕ ಬಟ್ಟಲಿನ ಬೆಲೆ ನೂರಕ್ಕೆ ಐದು ಏರಿಸಿದಳು. ಒಬ್ಬನೂ ಗೊಣಗಲಿಲ್ಲ. ಗೋಡೆಯ ಪಕ್ಕಕ್ಕೆ ಹೊಸ ಫ್ರಿಜ್ಜು ಬಂದಿದೆ. ಸೌ ಅಜ್ಜನ ಉಳಿದರ್ಧದ ಮುಕ್ಕಾಲು ತೀರಿದೆ.

"ನೋಡಿದ್ಯಾ ಫೈ," ಎಂದ ಭಾವ ಮೊನ್ನೆ, ಹಲ್ಲುಕಡ್ಡಿ ಆಡಿಸುತ್ತ. "ಎಷ್ಟು ದೂರದಿಂದ ಬರ್ತಾರೆ ನನ್ನ ಮಾತು ಕೇಳೋಕೆ. ಶಾಸ್ತ್ರಕ್ಕೆ ಬೆಲೆ ಇದೆ ಕಣೋ."

ನಾನು ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ. "ಹೇಳಿಬಿಡ್ಲಾ ಭಾವಂಗೆ, ದೀಪ ಅಂದ್ರೆ ಏನು ಅಂತ?"

"ನಾಲಿಗೆ ಕತ್ತರಿಸ್ತೀನಿ," ಎಂದಳು ಅಕ್ಕ ಬೊಂಬಿನ ಮೇಲಿಂದಲೇ. "ಮಾತಾಡ್ಲಿ. ಇನ್ನೂ ನಿಧಾನವಾಗಿ ಮಾತಾಡೋಕೆ ಹೇಳು. ಅರ್ಧ ಬಟ್ಟಲಿಗೇ ಉತ್ತರ ಸಿಕ್ರೆ ಎರಡನೇ ಬಟ್ಟಲು ತಗೊಳಲ್ಲ ಜನ."

ಹೊರಗೆ ಹೊಸಬನೊಬ್ಬ ಗಲ್ಲಾದ ಮುಂದೆ ನಿಂತು, ದೀಪ ಯಾವುದು, ಹಿಟ್ಟಿನವಳು ಯಾರು ಎಂದು ತಿಳಿಯದೆ, ಕೈ ಒರೆಸಿಕೊಳ್ಳುತ್ತ ಬಂದ ಅಕ್ಕನನ್ನೇ ಪಿಸುದನಿಯಲ್ಲಿ ಕೇಳಿದ.

"ಅಮ್ಮಾ, ಇವತ್ತು ಯಾವುದು ಬರತ್ತೆ? ಸಾಹುಕಾರನಾ, ಆಟಗಾರನಾ?"

ಅಕ್ಕ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಸಾರಿನ ನೂಡಲ್ಸಾ," ಎಂದಳು, "ಸಿಗಡಿ ಮೊಟ್ಟೆ ಉದುರಿಸಿದ್ದಾ?"